ಅಮೆರಿಕದ ಕಾಲೇಜ್ ಫುಟ್‌ಬಾಲಲ್ಲಿ ಮೂರೇ ವಾರಕ್ಕೆ ಬಾಲ್ ಎಸೆಯೋ ಕ್ವಾರ್ಟರ್‌ಬ್ಯಾಕ್‌ಗಳ ಜಾತಕ ಬರೀತಿದೀವಾ? ಆರ್ಚ್, ಲ್ಯಾಗ್ವೇ, ಕ್ಲಬ್‌ನಿಕ್, ಆಲರ್ ಎಲ್ಲರ ಚರ್ಚೆ ಇಲ್ಲೇ ಮಾಡಿ

ಆಸ್ಟಿನ್ ಅಣ್ಣಯ್ಯ · ಸೆಪ್ಟೆಂಬರ್ 14, 2025

ನಾನು ಟೆಕ್ಸಾಸ್ ಫ್ಯಾನ್, ಹಾಗಾಗಿ ಇದನ್ನ ವಕಾಲತ್ತು ಅಂದ್ಕೊಂಡ್ರೂ ಬೇಜಾರಿಲ್ಲ. ನಿನ್ನೆ ಯುಟೆಪ್ ಅನ್ನೋ ಸಣ್ಣ ಟೀಮ್ ಮೇಲೆ 27-10 ಗೆದ್ವಿ, ಆದ್ರೆ ಸ್ಟೇಡಿಯಂನಿಂದ ಆಚೆ ಬರ್ತಿದ್ದ ಜನದ ಮುಖ ನೋಡಿದ್ರೆ ಯಾರೋ ತೀರ್ಕೊಂಡಿದಾರೆ ಅನ್ನೋ ಥರ ಇತ್ತು. ಆರ್ಚ್ ಮ್ಯಾನಿಂಗ್ ಎಸೆದ 25ರಲ್ಲಿ 11 ಪಾಸ್ ಮಾತ್ರ ನಮ್ಮವರ ಕೈಗೆ, 114 ಯಾರ್ಡ್, ಮಧ್ಯದಲ್ಲಿ ಸಾಲಾಗಿ ಹತ್ತು ಪಾಸ್ ನೆಲಕ್ಕೆ. ನಮ್ಮ ಫ್ಯಾನ್‌ಗಳೇ ಬೂ ಅಂದ್ರು. ಹುಡ್ಗ ಪೂರ್ತಿ ಸೀಸನ್ನಿಗೆ ಸ್ಟಾರ್ಟರ್ ಆಗಿ ಮೂರನೇ ಮ್ಯಾಚ್ ಅದು, ಅಷ್ಟೇ. ಕಳೆದ ವರ್ಷ ಕ್ವಿನ್ ಯೂವರ್ಸ್‌ಗೆ ಪೆಟ್ಟಾದಾಗ ಎರಡು ಮ್ಯಾಚ್ ಸ್ಟಾರ್ಟ್ ಮಾಡಿದ್ದ, ಅದನ್ನ ನೋಡೇ ಎಲ್ಲಾ ಸೇರಿ ಬೇಸಿಗೇಲೇ ಹೈಸ್ಮನ್ ಟ್ರೋಫಿ (ವರ್ಷದ ಅತ್ಯುತ್ತಮ ಕಾಲೇಜ್ ಆಟಗಾರನಿಗೆ ಕೊಡೋದು) ಕೊಟ್ಟುಬಿಟ್ಟಿದ್ರು, ಪತ್ರಕರ್ತರು ರ‍್ಯಾಂಕ್ ಕೊಡೋ ಎಪಿ ಪೋಲ್‌ನಲ್ಲಿ ಸೀಸನ್ ಶುರುವಾಗೋಕೆ ಮುಂಚೆ ಟೆಕ್ಸಾಸ್ ನಂಬರ್ ಒನ್ ಆಗಿದ್ದು ಇತಿಹಾಸದಲ್ಲೇ ಇದೇ ಮೊದಲು. ಅಪ್ಪಯ್ಯ ಕಟ್ಟಿಸಿದ ಮನೆ ಥರ ಅಲ್ಲ ಇದು, ತಾತ ಆರ್ಚಿ, ಚಿಕ್ಕಪ್ಪಂದಿರು ಪೇಟನ್, ಈಲೈ ಅಂತ ದೊಡ್ಡ ಕ್ವಾರ್ಟರ್‌ಬ್ಯಾಕ್‌ಗಳ ಹೆಸರು ಜೊತೆಗೆ ಬಂದ್ರೂ ಮುಂದೆ ನಿಲ್ಲೋ ಐದು ಜನ ಜೊತೆಗೆ ಬರಲ್ಲ.

ನನ್ನ ವಾದ ಇಷ್ಟೇ. ಕ್ವಾರ್ಟರ್‌ಬ್ಯಾಕ್‌ಗೆ ಅಡ್ಡ ನಿಂತು ಕಾಯೋ, ಕಳೆದ ವರ್ಷ ಇದ್ದ ಒಫೆನ್ಸಿವ್ ಲೈನ್‌ನ ಐದರಲ್ಲಿ ನಾಲ್ಕು ಜನ ಹೋದ್ರು, ಕೆಲ್ವಿನ್ ಬ್ಯಾಂಕ್ಸ್ ಎನ್‌ಎಫ್‌ಎಲ್ (ಪ್ರೊಫೆಶನಲ್ ಲೀಗ್) ಡ್ರಾಫ್ಟಲ್ಲಿ ಒಂಬತ್ತನೇಯವನಾಗಿ ನ್ಯೂ ಆರ್ಲಿಯನ್ಸ್‌ಗೆ ಹೋದ. ಈ ವರ್ಷ ಲೆಫ್ಟ್ ಸೈಡಿಂದ ಯಾರು ಬರ್ತಾರೋ ಅಂತ ಆರ್ಚ್ ಕಣ್ಣು ಆ ಕಡೆ ಹೋಗ್ತಿದೆ, ಕಣ್ಣು ಹೋದ್ರೆ ಕಾಲು ಹೋಗತ್ತೆ, ಕಾಲು ನೆಟ್ಟಗೆ ನಿಲ್ಲದೇ ಇದ್ರೆ ಕೈ ಸೈಡ್‌ಆರ್ಮ್ ಹೋಗತ್ತೆ, ಬಾಲ್ ಎಲ್ಲೋ ಹೋಗತ್ತೆ. ಸೆಪ್ಟೆಂಬರಲ್ಲಿ ನಾವು ನೋಡ್ತಿರೋದು ಕ್ವಾರ್ಟರ್‌ಬ್ಯಾಕ್‌ನ ಅಲ್ಲ, ಅವನ ಮುಂದಿರೋ ಲೈನ್‌ನ. ಬೈಗುಳ ಮಾತ್ರ ಇವನಿಗೆ.

ಕೊಲಂಬಸ್ ಮಂಗ್ಳೂರ್ · ಸೆಪ್ಟೆಂಬರ್ 14

ಅಣ್ಣಯ್ಯ ನಿಮ್ಮ ದುಃಖ ಅರ್ಥ ಆಗ್ತದೆ ಮಾರಾಯ್ರೆ, ಆದ್ರೆ ಆಗಸ್ಟ್ 30ಕ್ಕೆ ನಮ್ಮ ಊರಲ್ಲಿ ನಡೆದದ್ದು ಬರೀ ಲೈನ್‌ದ್ದು ಅಲ್ಲ. ಓಹಾಯೋ ಸ್ಟೇಟ್ 14, ಟೆಕ್ಸಾಸ್ 7. ಯಾರ್ಡ್ ಲೆಕ್ಕದಲ್ಲಿ ನೀವು 336, ನಾವು 203. ಅಷ್ಟು ಯಾರ್ಡ್ ಮಾಡಿ ಏಳೇ ಪಾಯಿಂಟ್ ಅಂದ್ರೆ ಎಂತ? ಫೋರ್ತ್ ಡೌನ್, ಅಂದ್ರೆ ಹತ್ತು ಯಾರ್ಡ್ ಮುಂದೆ ಹೋಗ್ಲಿಕ್ಕೆ ಕೊನೆಯ ಅವಕಾಶ, ಐದು ಸಲ ಟ್ರೈ ಮಾಡಿ ಒಂದೇ ಸಲ ಸಿಕ್ಕಿದ್ದು. ಗೋಲ್ ಲೈನ್ ಹತ್ರ ಒಂದು ಯಾರ್ಡ್ ಬೇಕಿತ್ತು, ಆರ್ಚೇ ತಲೆ ತಗ್ಗಿಸಿ ನುಗ್ಗಿದ, ಹೋಗ್ಲಿಕ್ಕೆ ಬಿಡ್ಲಿಲ್ಲ ನಮ್ಮ ಹುಡುಗ್ರು.

ನಾನು ಹೇಳ್ಲಿಕ್ಕೆ ಹೊರಟದ್ದು ಬೇರೆ. ಪ್ರೆಶರ್ ಅಂದ್ರೆ ಓಡಿ ಬಂದು ಮೈಮೇಲೆ ಬೀಳುದು ಮಾತ್ರ ಅಲ್ಲ. ನಮ್ಮ ಡಿಫೆನ್ಸ್ ನೋಡ್ಕೊಳ್ಳಿಕ್ಕೆ ಈ ವರ್ಷ ಬಂದ ಮ್ಯಾಟ್ ಪ್ಯಾಟ್ರೀಷಿಯಾ ಎನ್‌ಎಫ್‌ಎಲ್‌ನಲ್ಲಿ ಪಳಗಿದ ಮನುಷ್ಯ. ಸ್ನ್ಯಾಪ್ (ಬಾಲ್ ಹಿಂದಕ್ಕೆ ಕೊಟ್ಟು ಪ್ಲೇ ಶುರು) ಆಗುವ ಮುಂಚೆ ಲೈನಿಗೆ ಆರು ಜನ ತಂದು ನಿಲ್ಲಿಸ್ತಾನೆ, ನುಗ್ಗುದು ನಾಲ್ಕೇ, ಉಳಿದವ್ರು ಹಿಂದೆ ಓಡಿ ಕವರೇಜಿಗೆ. ಕೇಲಬ್ ಡೌನ್ಸ್ ಅಂತ ಸೇಫ್ಟಿ (ಎಲ್ಲರ ಹಿಂದೆ ನಿಲ್ಲುವ ಡಿಫೆಂಡರ್) ಇದ್ದಾನಲ್ಲ, ಅವ ಒಂದು ಪ್ಲೇಯಲ್ಲಿ ಲೈನಿನ ಹಿಂದೆಯೇ ಲೈನ್‌ಬ್ಯಾಕರ್ ಹಾಗೆ ನಿಂತಿರ್ತಾನೆ, ಇನ್ನೊಂದರಲ್ಲಿ ಇಪ್ಪತ್ತು ಯಾರ್ಡ್ ಹಿಂದೆ. ಕ್ವಾರ್ಟರ್‌ಬ್ಯಾಕ್‌ಗೆ ಸ್ನ್ಯಾಪ್ ಮುಂಚೆ ಕಂಡದ್ದೇ ಒಂದು, ಬಾಲ್ ಕೈಗೆ ಬಂದ ಮೇಲೆ ಕಾಣುದೇ ಇನ್ನೊಂದು. ಲೈನ್ ಸರಿಯಾಗಿ ತಡೆದ್ರೂ ಅವನ ತಲೆ ಒಳಗೆ ಗಡಿಬಿಡಿ ಶುರುವಾಗಿರ್ತದೆ. ಆರ್ಚ್ ಆ ದಿನ 30ರಲ್ಲಿ 17, 170 ಯಾರ್ಡ್, ಒಂದು ಟಚ್‌ಡೌನ್, ಒಂದು ಇಂಟರ್ಸೆಪ್ಶನ್ (ಎದುರಿನವರ ಕೈಗೆ ಹೋದ ಪಾಸ್). ಕೊನೆಯ ಕ್ವಾರ್ಟರಲ್ಲಿ ನಾವು ಹಿಂದೆ ಕೂತಾಗ ಸ್ವಲ್ಪ ಚೆಂದ ಎಸೆದ, ಅಷ್ಟರಲ್ಲಿ ಹೊತ್ತು ಮುಗಿದಿತ್ತು.

ಹುಬ್ಳಿ ಇನ್ ಹೂಸ್ಟನ್ · ಸೆಪ್ಟೆಂಬರ್ 14

ಓಹಾಯೋದವ್ರ, ನಿಮ್ಮ ಹುಡುಗ ಜೂಲಿಯನ್ ಸೇಯಿನ್ ಏನ್ ಭಾರಿ ಮಾಡ್ಯಾನ ಅಂತ ಹೇಳ್ರಿ ನೋಡೋಣ. 20ರಾಗ 13, 126 ಯಾರ್ಡ್. ಅವಂದೂ ಮೊದಲ್ನೇ ಸ್ಟಾರ್ಟು. ವ್ಯತ್ಯಾಸ ಏನಂದ್ರ ನಿಮ್ಮ ಕೋಚ್ ರಯಾನ್ ಡೇ ಅವಗ ಕೆಲಸಾನ ಕೊಡ್ಲಿಲ್ಲ. "ತಪ್ಪು ಮಾಡಬ್ಯಾಡ, ಡಿಫೆನ್ಸ್ ನೋಡ್ಕೋತೈತಿ" ಅನ್ನೋ ಹಂಗ ಆಡ್ಸಿದ. ಕಾರ್ನೆಲ್ ಟೇಟ್‌ಗ ಒಂದ 40 ಯಾರ್ಡಿನ ಬಾಲ್ ಹಾಕಿದ, ಮುಗೀತು. ಟೆಕ್ಸಾಸ್ ಕೋಚ್ ಸಾರ್ಕೀಸಿಯನ್ ಏನ್ ಮಾಡಿದ? ಒಂದು ಲಕ್ಷ ಮಂದಿ ಒದರೋ ಸ್ಟೇಡಿಯಂನಾಗ, ಹೊಸಾ ಲೈನ್ ಇಟ್ಕೊಂಡು, ಹೊಸಾ ಹುಡುಗನ ಕಡೆ 30 ಸಲ ಬಾಲ್ ಒಗಿಸಿದ. ಅಲ್ಲೇ ಐತಿ ನೋಡ್ರಿ ಉತ್ತರ. ಲೈನೂ ಅಲ್ಲ, ಹುಡುಗನೂ ಅಲ್ಲ, ಕೋಚ್.

ಬ್ಲೂಮಿಂಗ್ಟನ್ ಹೊಸಬ · ಸೆಪ್ಟೆಂಬರ್ 14

ನಮಸ್ಕಾರ ಎಲ್ರಿಗೂ, ನಾನು ಎಂಎಸ್‌ಗೆ ಅಂತ ಹೋದ್ ತಿಂಗಳು ಇಂಡಿಯಾನಾಗೆ ಬಂದಿದೀನಿ, ರೂಮ್‌ಮೇಟ್ಸ್ ಎಲ್ಲಾ ಶನಿವಾರ ಆಯ್ತು ಅಂದ್ರೆ ಕೆಂಪು ಟೀಶರ್ಟ್ ಹಾಕ್ಕೊಂಡು ಹೋಗ್ತಾರೆ, ನಾನೂ ಹೋದೆ, ಏನೂ ಅರ್ಥ ಆಗ್ಲಿಲ್ಲ ಆದ್ರೆ ಮಜಾ ಬಂತು. ಒಂದು ಡೌಟ್, ಕ್ವಾರ್ಟರ್‌ಬ್ಯಾಕ್ ಬಾಲ್ ಹಿಡ್ಕೊಂಡು ಅಷ್ಟೊತ್ತು ಯಾಕೆ ನಿಂತಿರ್ತಾನೆ, ಓಡಿಹೋಗಬಹುದಲ್ವಾ? ಮತ್ತೆ ಈ ಪ್ರೆಶರ್ ಅಂತೀರಲ್ಲ ಅದನ್ನ ಟಿವೀಲಿ ನೋಡಿ ಹೇಗೆ ಗೊತ್ತಾಗತ್ತೆ? ನಮ್ಮ ಟೀಮಿನ ಫರ್ನಾಂಡೋ ಮೆಂಡೋಸಾ ಹೇಗೆ? ಬೈಬೇಡಿ ಪ್ಲೀಸ್.

ಆಸ್ಟಿನ್ ಅಣ್ಣಯ್ಯ · ಸೆಪ್ಟೆಂಬರ್ 14

ಬಾರಪ್ಪ, ಯಾರೂ ಬೈಯಲ್ಲ. "ಅಷ್ಟೊತ್ತು" ಅಂದ್ಯಲ್ಲ, ಅದು ಹೆಚ್ಚು ಕಮ್ಮಿ ಎರಡೂವರೆ ಸೆಕೆಂಡ್. ಅಷ್ಟರಲ್ಲಿ ಅವನು ಮೊದಲನೇ ರಿಸೀವರ್ ನೋಡ್ಬೇಕು, ಸಿಗ್ಲಿಲ್ಲ ಅಂದ್ರೆ ಎರಡನೇಯವನು, ಆಮೇಲೆ ಮೂರನೇಯವನು, ಯಾರೂ ಸಿಗ್ಲಿಲ್ಲ ಅಂದ್ರೆ ಪಕ್ಕದಲ್ಲಿರೋ ರನ್ನಿಂಗ್ ಬ್ಯಾಕ್‌ಗೆ ಸಣ್ಣ ಪಾಸ್ ಹಾಕ್ಬೇಕು, ಇಲ್ಲಾ ಗೆರೆ ಆಚೆ ಎಸೆದು ಕೈ ತೊಳ್ಕೋಬೇಕು. ಓಡೋದು ಸುಲಭ ಅನ್ಸತ್ತೆ ಆದ್ರೆ ಲೈನ್ ಅವನ ಸುತ್ತ ಪಾಕೆಟ್ ಮಾಡಿರ್ತಾರೆ, ಹಿಂದಕ್ಕೆ ಓಡಿದ್ರೆ ಆ ಪಾಕೆಟ್ಟಿನ ಕೋನಾನೇ ಹಾಳಾಗತ್ತೆ, ಲೈನಿನ ಎರಡು ತುದೀಲಿ ನಿಲ್ಲೋ ಟ್ಯಾಕಲ್‌ಗಳು ಎಲ್ಲಿ ತಳ್ಬೇಕು ಅಂತ ಗೊತ್ತಾಗದೆ ಒದ್ದಾಡ್ತಾರೆ. ಒಳ್ಳೆಯವನು ಹಿಂದಕ್ಕೆ ಹೋಗಲ್ಲ, ಅರ್ಧ ಹೆಜ್ಜೆ ಮುಂದಕ್ಕೆ ಬರ್ತಾನೆ, ಸೈಡಿಂದ ಬರೋನು ಬೆನ್ನ ಹಿಂದೆ ಸುಮ್ನೆ ದಾಟಿ ಹೋಗ್ತಾನೆ.

ಟಿವೀಲಿ ನೋಡೋಕೆ ಒಂದು ಉಪಾಯ: ಬಾಲ್ ನೋಡ್ಬೇಡ, ಕ್ವಾರ್ಟರ್‌ಬ್ಯಾಕ್‌ನ ಪಾದ ನೋಡು. ಯಾರೂ ಹತ್ರ ಬಂದಿಲ್ಲದೇ ಇದ್ರೂ ಪಾದ ಟಪಟಪ ಅಂತಿದ್ರೆ ಅವನು ಹೆದರಿದಾನೆ ಅಂತ. ಹಿಂದಿನ ಮೂರು ಪ್ಲೇಯಲ್ಲಿ ಪೆಟ್ಟು ತಿಂದಿರೋನು ನಾಲ್ಕನೇದರಲ್ಲಿ ಇಲ್ಲದ ದೆವ್ವ ನೋಡ್ತಾನೆ. ಆರ್ಚ್‌ದು ನಿನ್ನೆ ಅದೇ ಆಗಿದ್ದು ಅನ್ನೋದು ನನ್ನ ಅನಿಸಿಕೆ. ಯುಟೆಪ್ ಅವರೇನು ಓಹಾಯೋ ಸ್ಟೇಟ್ ಅಲ್ವಲ್ಲ.

ಮೆಂಡೋಸಾ ಬಗ್ಗೆ ಇನ್ನೂ ಹೇಳೋಕಾಗಲ್ಲ, ಕ್ಯಾಲಿಫೋರ್ನಿಯಾದ ಬರ್ಕ್ಲೀಲಿ ಇದ್ದಾಗ ಒದೆ ತಿಂದು ತಿಂದು ಎದ್ದು ಆಡ್ತಿದ್ದ, ಈಗ ಲೈನ್ ಚೆನ್ನಾಗಿದೆ. ಮುಂದಿನ ಶನಿವಾರ ಇಲಿನಾಯ್ ಮೇಲೆ ನೋಡೋಣ.

ಮಂಡ್ಯ ಮಿಚಿಗನ್ · ಸೆಪ್ಟೆಂಬರ್ 14

ಪಾದ ನೋಡು ಅಂತಾವ್ನೆ ಅಣ್ಣಯ್ಯ, ನಮ್ ಬ್ರೈಸ್ ಅಂಡರ್‌ವುಡ್ ಪಾದ ನೋಡಕ್ಕೋದ್ರೆ ಒಕ್ಲಹೋಮಾದವ್ರ ಪಾದಾನೆ ಅವನ ಎದೆ ಮ್ಯಾಲಿತ್ತು. 24ರಲ್ಲಿ 9. ಹದಿನೆಂಟು ವರ್ಸದ ಹೈದ ಕಣ್ರಪ್ಪ, ಹೋದ್ವರ್ಸ ಹೈಸ್ಕೂಲಲ್ಲಿ ಆಡ್ತಿದ್ದ, ಈಗ ನಾರ್ಮನ್‌ಗೋಗಿ ರಾತ್ರಿ ಮ್ಯಾಚ್ ಗೆಲ್ಲು ಅಂದ್ರೆ? 24-13 ಸೋತೊ. ಆದ್ರೂ ಒಂದ್ ಮಾತು, ಇಂಟರ್ಸೆಪ್ಶನ್ ಹಾಕ್ನಿಲ್ಲ. ಆ ಜಾನ್ ಮಟೀರ್ ಮಾತ್ರ ಒಬ್ನೇ ನಮ್ಮನ್ನ ಉಪ್ಪಾಕಿ ನೆಂಚ್ಕಂಡ, ಎಸೆದಿದ್ದು 270 ಯಾರ್ಡ್, ಓಡಿದ್ದು 74. ವಾಷಿಂಗ್ಟನ್ ಸ್ಟೇಟಿಂದ ಪೋರ್ಟಲಲ್ಲಿ (ಕಾಲೇಜು ಬದ್ಲಾಯ್ಸೋ ವ್ಯವಸ್ಥೆ) ಬಂದವ್ನಂತೆ.

ಸ್ಟೇಟ್ ಕಾಲೇಜ್ ಶಿವಮೊಗ್ಗ · ಸೆಪ್ಟೆಂಬರ್ 15

ನನ್ನ ಮಗ ಪೆನ್ ಸ್ಟೇಟಲ್ಲಿ ಮೂರನೇ ವರ್ಷ, ಅವನಿಂದ ನನಗೂ ಹುಚ್ಚು ಹಿಡೀತು. ಒಂದು ವಿಷಯ ನೀವ್ಯಾರೂ ಹೇಳ್ತಿಲ್ಲ. ಈ ಹುಡುಗರಿಗೆ ಈಗ ದುಡ್ಡು ಬರತ್ತೆ. ಜುಲೈ 1ರಿಂದ ಕಾಲೇಜುಗಳೇ ನೇರವಾಗಿ ಆಟಗಾರರಿಗೆ ಕೊಡಬಹುದು, ಒಂದು ಕಾಲೇಜಿಗೆ ಈ ವರ್ಷ 20.5 ಮಿಲಿಯನ್ ಡಾಲರ್ ತನಕ, ಅದರ ಮೇಲೆ ಜಾಹೀರಾತಿನ ದುಡ್ಡು ಬೇರೆ. ಹಿಂದೆ ಕಾಲೇಜು ಹುಡುಗ ಅಂತ ಜನ ಸ್ವಲ್ಪ ಕನಿಕರ ತೋರಿಸ್ತಿದ್ರು, ಈಗ "ದುಡ್ಡು ತಗೊಂಡಿದೀಯ, ಆಡು" ಅಂತಾರೆ. ನಮ್ಮ ಕ್ವಾರ್ಟರ್‌ಬ್ಯಾಕ್ ಡ್ರೂ ಆಲರ್‌ನ ನಮ್ಮೂರಲ್ಲಿ ಒಳ್ಳೆ ಹುಡುಗ ಅಂತಾರೆ, ಅವನು ಎನ್‌ಎಫ್‌ಎಲ್‌ಗೆ ಹೋಗಬಹುದಿತ್ತು, ಇದೊಂದು ವರ್ಷ ಅಂತ ಉಳ್ಕೊಂಡ. ಸಣ್ಣ ಟೀಮ್‌ಗಳ ಮೇಲೆ ಮೂರು ಗೆದ್ದಿದೀವಿ, 27ಕ್ಕೆ ಆರೆಗಾನ್ ಬರ್ತಾರೆ, ವೈಟ್ ಔಟ್ (ಎಲ್ಲರೂ ಬಿಳಿ ಬಟ್ಟೆ), ಆಗ ಗೊತ್ತಾಗತ್ತೆ.

ಮತ್ತೆ ಅಣ್ಣಯ್ಯ, ಲೈನ್ ಲೈನ್ ಅಂತೀರಿ, ಕ್ಲೆಮ್ಸನ್‌ಗೆ ಏನು ಹೇಳ್ತೀರಿ? ಅಲ್ಲಿ ಹೆಚ್ಚು ಕಮ್ಮಿ ಹಳೇ ಹುಡುಗರೇ ಇದ್ದಾರೆ, ಕೇಡ್ ಕ್ಲಬ್‌ನಿಕ್ ನಾಲ್ಕನೇ ವರ್ಷ.

ಆಸ್ಟಿನ್ ಅಣ್ಣಯ್ಯ · ಸೆಪ್ಟೆಂಬರ್ 15

ಒಳ್ಳೆ ಪ್ರಶ್ನೆ ಅಕ್ಕ. ಕ್ಲಬ್‌ನಿಕ್ ನಮ್ಮ ಆಸ್ಟಿನ್ ಹುಡುಗ, ವೆಸ್ಟ್‌ಲೇಕ್ ಹೈಸ್ಕೂಲಿನವನು, ಅದಕ್ಕೆ ಅವನ ಮೇಲೆ ಒಂದು ಕಣ್ಣಿಟ್ಟಿರ್ತೀನಿ. ಎಲ್‌ಎಸ್‌ಯು ಮೇಲೆ 38ರಲ್ಲಿ 19, 17-10 ಸೋಲು. ಆಮೇಲೆ ಟ್ರಾಯ್ ಥರದ ಟೀಮ್ ಮುಂದೆ 16-0 ಹಿಂದಿದ್ದು ಕಷ್ಟಪಟ್ಟು ಗೆದ್ರು, ಮೊನ್ನೆ ಜಾರ್ಜಿಯಾ ಟೆಕ್ ಕೊನೇ ಕ್ಷಣದಲ್ಲಿ 55 ಯಾರ್ಡಿಂದ ಫೀಲ್ಡ್ ಗೋಲ್ ಹೊಡೆದು 24-21 ಮಾಡಿದ್ರು. ನಾಲ್ಕನೇ ರ‍್ಯಾಂಕಲ್ಲಿ ಶುರು ಮಾಡಿದ ಟೀಮು. ಹಳೇ ಹುಡುಗರು ಇದ್ದಾರೆ ಅನ್ನೋದು ಬೇರೆ, ಹಳೇ ಹುಡುಗರು ಒಳ್ಳೆಯವರು ಅನ್ನೋದು ಬೇರೆ. ಓಡೋ ಆಟಾನೇ ಇಲ್ಲ ಅವರಿಗೆ. ರನ್ ಇಲ್ಲ ಅಂದ್ಮೇಲೆ ಎಲ್ಲರಿಗೂ ಗೊತ್ತು ಇವನು ಎಸೀತಾನೆ ಅಂತ, ಡಿಫೆನ್ಸಿನವರು ಕಿವಿ ನೆಟ್ಟಗೆ ಮಾಡ್ಕೊಂಡು ಕಾಯ್ತಿರ್ತಾರೆ.

ಫ್ಲಾರಿಡಾದ ಡಿಜೆ ಲ್ಯಾಗ್ವೇ ಅಂತೂ ಬೇರೇನೇ ಕಥೆ. ಭುಜದ ನೋವು ಅಂತ ಸ್ಪ್ರಿಂಗಲ್ಲಿ ಸರಿಯಾಗಿ ಎಸೀಲಿಲ್ಲ, ಆಗಸ್ಟಲ್ಲಿ ಮೀನಖಂಡ. ಪ್ರಾಕ್ಟೀಸೇ ಇಲ್ಲದೆ ಸೆಪ್ಟೆಂಬರಿಗೆ ಬಂದ, ಸೌತ್ ಫ್ಲಾರಿಡಾ ಮನೆಗೇ ಬಂದು 18-16 ಸೋಲಿಸಿ ಹೋದ್ರು, ಶನಿವಾರ ರಾತ್ರಿ ಎಲ್‌ಎಸ್‌ಯು ಮೇಲೆ ಐದು ಇಂಟರ್ಸೆಪ್ಶನ್. ಐದು! ಅದರಲ್ಲಿ ಒಂದೆರಡಕ್ಕೆ ನನ್ನ ಹತ್ರ ವಕಾಲತ್ತಿಲ್ಲ, ಡಿಫೆಂಡರ್ ಬಿಟ್ರೆ ಅಲ್ಲಿ ಯಾರೂ ಇರ್ಲಿಲ್ಲ.

ಹುಬ್ಳಿ ಇನ್ ಹೂಸ್ಟನ್ · ಸೆಪ್ಟೆಂಬರ್ 15

ಫ್ಲಾರಿಡಾ ಕೋಚ್ ಬಿಲ್ಲಿ ನೇಪಿಯರ್ ನೌಕರಿ ಹೊಕ್ಕೈತಿ ನೋಡ್ತಿರ್ರಿ. ಯುಸಿಎಲ್‌ಎ ಅಂತೂ ಮೂರ ಮ್ಯಾಚಿಗೆ ಕೋಚ್ ಡಿಶಾನ್ ಫಾಸ್ಟರ್‌ನ ಮನಿಗೆ ಕಳಿಸ್ಯಾರ, ನಿನ್ನೇನ ಸುದ್ದಿ ಬಂತು. ಟೆನ್ನೆಸ್ಸಿ ಬಿಟ್ಟು ರೊಕ್ಕದ ಜಗಳ ಮಾಡ್ಕೊಂಡು ಅಲ್ಲಿಗೆ ಬಂದ ಕ್ವಾರ್ಟರ್‌ಬ್ಯಾಕ್ ನೀಕೋ ಯಾಮಲಿಯಾವಾ ಈಗ ಏನ್ ಮಾಡ್ತಾನೋ. ಇತ್ತ ಟೆನ್ನೆಸ್ಸಿಯವ್ರು ಶನಿವಾರ ಜಾರ್ಜಿಯಾ ಜೋಡಿ ಓವರ್‌ಟೈಮ್ ತನಕ ಹೋಗಿ 44-41 ಸೋತ್ರು, ಅಂದ್ರ ನೀಕೋ ಹೋಗಿದ್ದಕ್ಕ ಅವ್ರಿಗೆ ಏನೂ ಆಗಿಲ್ಲ.

ಕೊಲಂಬಸ್ ಮಂಗ್ಳೂರ್ · ಸೆಪ್ಟೆಂಬರ್ 16

ಎಲ್ಲಾ ಸೋತವರ ಬಗ್ಗೆಯೇ ಮಾತಾಡುದಾ? ಮಯಾಮಿ ನೋಡಿ. ಕಾರ್ಸನ್ ಬೆಕ್ ಕಳೆದ ವರ್ಷ ಜಾರ್ಜಿಯಾದಲ್ಲಿ ಇಂಟರ್ಸೆಪ್ಶನ್ ಹಾಕಿ ಹಾಕಿ ಹೆಸರು ಕೆಡಿಸ್ಕೊಂಡವ, ಮೊಣಕೈ ಆಪರೇಶನ್ ಬೇರೆ ಆಯ್ತು. ಅದೇ ಮನುಷ್ಯ ಈಗ ನೋತ್ರ್ ಡೇಮ್ ಮೇಲೆ 31ರಲ್ಲಿ 20, ಎರಡು ಟಚ್‌ಡೌನ್, ಇಂಟರ್ಸೆಪ್ಶನ್ ಇಲ್ಲ, 27-24 ಗೆಲುವು. ಮಯಾಮಿ ಲೈನ್ ಗೋಡೆ ಹಾಗೆ ಉಂಟು, ಬೆಕ್‌ನ ಅಂಗಿಗೆ ಮಣ್ಣು ತಾಗುದಿಲ್ಲ. ಇದೊಂದು ನಿಮ್ಮ ಪಕ್ಷದ ಸಾಕ್ಷಿ ಅಣ್ಣಯ್ಯ, ಇಟ್ಕೊಳ್ಳಿ.

ಅದೇ ಮ್ಯಾಚಲ್ಲಿ ಸೋತ ಸಿಜೆ ಕಾರ್ ನನಗೆ ಹೆಚ್ಚು ಇಷ್ಟ ಆದ. ಮಿಚಿಗನ್ ಹಳೇ ಕೋಚ್ ಲಾಯ್ಡ್ ಕಾರ್ ಮೊಮ್ಮಗ, ಮೊದಲ ಸ್ಟಾರ್ಟು, ಅದೂ ಹೊರಗಿನ ಊರಲ್ಲಿ, ಕೊನೆಯಲ್ಲಿ ಸ್ಕೋರ್ ಸಮ ಮಾಡಿ ಇಟ್ಟ. ನಂತರ ಟೆಕ್ಸಾಸ್ ಎ ಅಂಡ್ ಎಂ ಜೊತೆ 41-40, ಒಂದು ಎಕ್ಸ್‌ಟ್ರಾ ಪಾಯಿಂಟ್‌ಗೆ ಬಾಲ್ ಸರಿಯಾಗಿ ಹಿಡೀಲಿಕ್ಕೆ ಆಗದೆ ತಪ್ಪಿತು, ಹದಿಮೂರು ಸೆಕೆಂಡ್ ಇರುವಾಗ ಎದುರಿನವರ ಟಚ್‌ಡೌನ್. ಎರಡಕ್ಕೆ ಎರಡು ಸೋಲು, ಒಟ್ಟು ನಾಲ್ಕು ಪಾಯಿಂಟಲ್ಲಿ. ಇವರನ್ನು ಮುಗಿದ ಟೀಮ್ ಅಂತ ಬರೀತಿದ್ದಾರೆ ಪೇಪರಲ್ಲಿ. ಕಳೆದ ವರ್ಷ ಇದೇ ನೋತ್ರ್ ಡೇಮ್ ಸೆಪ್ಟೆಂಬರಲ್ಲಿ ನಾರ್ದರ್ನ್ ಇಲಿನಾಯ್ ಎದುರು 16-14 ಸೋತು ಫೈನಲಿಗೆ ಬಂದಿದ್ರು ಗೊತ್ತುಂಟಲ್ಲ, ಅಲ್ಲಿ ನಾವು ಸೋಲಿಸಿದ್ದು ಬೇರೆ ಮಾತು. ನಾವೂ ಆ ವರ್ಷ ಮಿಚಿಗನ್‌ಗೆ 13-10 ಸೋತವರೇ. ಹನ್ನೆರಡು ಟೀಮಿನ ಪ್ಲೇಆಫ್ ಬಂದ ಮೇಲೆ ಒಂದೆರಡು ಸೋಲಿಗೆ ಬಾಗಿಲು ಮುಚ್ಚುದಿಲ್ಲ.

ಮಂಡ್ಯ ಮಿಚಿಗನ್ · ಸೆಪ್ಟೆಂಬರ್ 16

13-10 ಅಂತ ನೀನೇ ಎತ್ಬುಟ್ಟೆ ನೋಡು, ನಾನ್ ಸುಮ್ನಿದ್ದೆ 😂

ಬ್ಲೂಮಿಂಗ್ಟನ್ ಹೊಸಬ · ಸೆಪ್ಟೆಂಬರ್ 21

ಗುರುಗಳೇ!!! 63-10!!! ಇಲಿನಾಯ್ ರ‍್ಯಾಂಕಲ್ಲಿದ್ದ ಟೀಮ್ ಅಲ್ವಾ ಅದು? ಮೆಂಡೋಸಾ 23ರಲ್ಲಿ 21, ಐದು ಟಚ್‌ಡೌನ್. ಅಣ್ಣಯ್ಯ ಹೇಳಿದ ಹಾಗೆ ಪಾದ ನೋಡ್ತಾ ಕೂತೆ, ಪಾದ ನೋಡೋಷ್ಟರಲ್ಲಿ ಬಾಲ್ ಹೋಗಿರ್ತಿತ್ತು. ಸ್ನ್ಯಾಪ್, ಒಂದು, ಎರಡು, ಬಾಲ್ ಇಲ್ಲ. ಪಕ್ಕದಲ್ಲಿದ್ದ ಅಂಕಲ್ ಒಬ್ರು, ನಲವತ್ತು ವರ್ಷದಿಂದ ಬರ್ತಿದಾರಂತೆ, ಮೊದಲೆಲ್ಲ ಅರ್ಧ ಸ್ಟೇಡಿಯಂ ಖಾಲಿ ಇರ್ತಿತ್ತು ಅಂದ್ರು, ಕೋಚ್ ಕರ್ಟ್ ಸಿಗ್ನೆಟಿ ಬಂದ್ಮೇಲೆ ಟಿಕೆಟ್ಟೇ ಸಿಗಲ್ಲ ಅಂತೆ.

ಆಸ್ಟಿನ್ ಅಣ್ಣಯ್ಯ · ಸೆಪ್ಟೆಂಬರ್ 21

ನೀನೇ ಕಂಡುಹಿಡ್ದೆ ನೋಡು ಹೊಸಬ. ಅದನ್ನೇ ಅನ್ನೋದು, ಪ್ರೆಶರ್ ತಪ್ಪಿಸ್ಕೊಳ್ಳೋ ಅತೀ ಸುಲಭದ ದಾರಿ ಅಂದ್ರೆ ಅದು ಬರೋಕೆ ಮುಂಚೆ ಬಾಲ್ ಬಿಟ್ಬಿಡೋದು. ಅವರ ಆಟದಲ್ಲಿ ರನ್ ಕೊಡೋ ಥರ ತೋರ್ಸಿ ಒಬ್ಬ ಲೈನ್‌ಬ್ಯಾಕರ್ ಯಾವ ಕಡೆ ಹೆಜ್ಜೆ ಇಡ್ತಾನೆ ನೋಡಿ ಅವನ ಹಿಂದೆ ಎಸೀತಾರೆ, ಅಂದ್ರೆ ಕ್ವಾರ್ಟರ್‌ಬ್ಯಾಕ್ ಇಡೀ ಮೈದಾನ ಓದ್ಬೇಕಾಗಿಲ್ಲ, ಒಬ್ಬನನ್ನ ಓದಿದ್ರೆ ಸಾಕು. ಇದು ಇಂಡಿಯಾನಾದವರು ಮಾತ್ರ ಮಾಡ್ತಿರೋದಲ್ಲ, ಎಲ್ಲಾರೂ ಮಾಡ್ತಾರೆ, ಇವರು ಚೆನ್ನಾಗಿ ಮಾಡ್ತಾರೆ ಅಷ್ಟೇ. ಆದ್ರೆ ಮೂರನೇ ಡೌನ್, ಹನ್ನೆರಡು ಯಾರ್ಡ್ ಬೇಕು, ಹೊರಗಿನ ಊರು, ಆವಾಗ ಈ ಉಪಾಯ ನಡೆಯಲ್ಲ. ಅಂಥದ್ದೊಂದು ದಿನ ಇವನಿಗೆ ಬರ್ಬೇಕು, ಆಮೇಲೆ ಮಾತಾಡೋಣ.

ನಮ್ಮವರು ಸ್ಯಾಮ್ ಹ್ಯೂಸ್ಟನ್ ಮೇಲೆ 55-0. ಆರ್ಚ್ 21ರಲ್ಲಿ 18, 309 ಯಾರ್ಡ್. ಕುಣಿಯೋಕೆ ನಾನೇನು ತಯಾರಿಲ್ಲ, ಆ ಟೀಮ್ ಮುಂದೆ ನನ್ನ ಅಳಿಯನೂ ಹತ್ತು ಪಾಸ್ ಮಾಡ್ತಿದ್ದ. ಆದ್ರೆ ಕಾಲು ನೆಲಕ್ಕೆ ಕೂತಿತ್ತು, ಅದನ್ನಂತೂ ನೋಡ್ದೆ. ಕ್ಲೆಮ್ಸನ್ ಸಿರಾಕ್ಯೂಸ್‌ಗೂ ಸೋತು 1-3. ಪಾಪ ಅನ್ಸತ್ತೆ.

ಸ್ಟೇಟ್ ಕಾಲೇಜ್ ಶಿವಮೊಗ್ಗ · ಸೆಪ್ಟೆಂಬರ್ 28

ನಿದ್ದೆ ಬಂದಿಲ್ಲ. 30-24, ಎರಡನೇ ಓವರ್‌ಟೈಮ್. ಬಿಳಿ ಬಟ್ಟೆ ಹಾಕ್ಕೊಂಡು ಒಂದು ಲಕ್ಷ ಹನ್ನೊಂದು ಸಾವಿರ ಜನ, ಕಿವಿ ಇವತ್ತೂ ಗುಂಯ್ ಅಂತಿದೆ. ನಾಲ್ಕನೇ ಕ್ವಾರ್ಟರಲ್ಲಿ 17-3 ಹಿಂದಿದ್ವಿ, ಆಲರ್ ಎರಡು ಟಚ್‌ಡೌನ್ ಹಾಕಿ ಸಮ ಮಾಡಿದ, ಮೊದಲ ಓವರ್‌ಟೈಮಲ್ಲಿ ಮುಂದೂ ಹೋದ್ವಿ. ಆಮೇಲೆ ಎರಡನೇದರಲ್ಲಿ ಮೊದಲ ಪ್ಲೇನೇ ಇಂಟರ್ಸೆಪ್ಶನ್, ಡಿಲ್ಲನ್ ಥೀನಮನ್ ಹಿಡ್ಕೊಂಡ, ಮುಗಿದೇ ಹೋಯ್ತು. ಮೂರು ಕ್ವಾರ್ಟರ್ ತನಕ ಆಲರ್‌ಗೆ ದೂರ ಎಸೆಯೋಕೆ ಬಿಡಲೇ ಇಲ್ಲ ಇವರು, ಸಣ್ಣ ಸಣ್ಣ ಪಾಸು, ಪಂಟು (ಬಾಲ್ ಒದ್ದು ಎದುರಿನವರಿಗೆ ಕೊಡೋದು), ಪಾಸು, ಪಂಟು. ಹಿಂದೆ ಬಿದ್ದಮೇಲೆ ಒಮ್ಮೆಲೇ ಬಿಟ್ರು, ಹುಡುಗ ಚೆನ್ನಾಗೇ ಆಡಿದ, ಕೊನೆಗೆ ಎಲ್ಲರಿಗೂ ನೆನಪಿರೋದು ಆ ಒಂದು ಬಾಲ್.

ನಮ್ಮ ಕೋಚ್ ಜೇಮ್ಸ್ ಫ್ರಾಂಕ್ಲಿನ್ ಮೊದಲ ಹತ್ತು ರ‍್ಯಾಂಕಿನ ಟೀಮ್‌ಗಳ ಮೇಲೆ ಈಗ 4 ಗೆಲುವು 21 ಸೋಲು ಅಂತೆ. ಮನೆಯವರು ಹೇಳ್ತಿದಾರೆ ಆರ್‌ಸಿಬಿನೇ ಈ ವರ್ಷ ಕಪ್ ಗೆಲ್ತು, ನಿಮ್ಮವರಿಗೆ ಯಾವಾಗ ಅಂತ.

ಕೊಲಂಬಸ್ ಮಂಗ್ಳೂರ್ · ಸೆಪ್ಟೆಂಬರ್ 28

ಅಕ್ಕ ಬೇಜಾರು ಮಾಡ್ಬೇಡಿ, ಆದ್ರೆ ಎದುರಿನವನನ್ನು ನೋಡಿದ್ರಾ? ಡಾಂಟೆ ಮೂರ್ 39ರಲ್ಲಿ 29, ಮೂರು ಟಚ್‌ಡೌನ್, ಇಂಟರ್ಸೆಪ್ಶನ್ ಸೊನ್ನೆ. 2023ರಲ್ಲಿ ಯುಸಿಎಲ್‌ಎಯಲ್ಲಿ ಹದಿನೆಂಟರ ಹುಡುಗ ಆಗಿ ಆಡಿ ಕೈ ಸುಟ್ಕೊಂಡವ ಇವ. ಅಲ್ಲಿಂದ ಆರೆಗಾನಿಗೆ ಬಂದು ಒಂದು ವರ್ಷ ಪೂರ್ತಿ ಡಿಲ್ಲನ್ ಗೇಬ್ರಿಯಲ್ ಹಿಂದೆ ಬೆಂಚಲ್ಲಿ ಕೂತ. ಈಗಿನ ಕಾಲದಲ್ಲಿ ಯಾರು ಕೂರ್ತಾರೆ ಹೇಳಿ? ಆಡ್ಲಿಕ್ಕೆ ಕೊಡದಿದ್ರೆ ಪೋರ್ಟಲ್‌ಗೆ ಹೋಗ್ತಾರೆ. ನಮ್ಮ ಸೇಯಿನ್ ಸಹ ಅಲಬಾಮಾದಿಂದ ಬಂದು ಒಂದು ವರ್ಷ ಕೂತವನೇ. ಮಂಡ್ಯದವರ ಅಂಡರ್‌ವುಡ್‌ಗೆ ಆ ಭಾಗ್ಯ ಸಿಗ್ಲಿಲ್ಲ.

ಅಲಬಾಮಾ ನೋಡಿ ಮತ್ತೆ. ಆಗಸ್ಟಲ್ಲಿ ಫ್ಲಾರಿಡಾ ಸ್ಟೇಟ್ ಹತ್ರ 31-17 ಸೋತಾಗ ಟೈ ಸಿಂಪ್ಸನ್‌ಗೆ ಆಗುದಿಲ್ಲ, ಕೋಚ್ ಡಿಬೋರ್‌ನ ಓಡಿಸಿ ಅಂದ್ರು. ನಿನ್ನೆ ಜಾರ್ಜಿಯಾದ ಮನೆಗೇ ಹೋಗಿ 24-21. ಮನೆಯಲ್ಲಿ ಸಾಲಾಗಿ 33 ಮ್ಯಾಚ್ ಗೆದ್ದಿದ್ರು ಜಾರ್ಜಿಯಾದವ್ರು. ಅತ್ತ ಫ್ಲಾರಿಡಾ ಸ್ಟೇಟ್ ಶುಕ್ರವಾರ ವರ್ಜೀನಿಯಾ ಹತ್ರ ಸೋತಿತು, ಅವರ ಕ್ವಾರ್ಟರ್‌ಬ್ಯಾಕ್ ಟಾಮಿ ಕ್ಯಾಸ್ಟೆಲ್ಲಾನೋಸ್ ಬೇಸಿಗೆಯಲ್ಲಿ ಅಲಬಾಮಾವನ್ನು ಕೆಣಕಿ ಮಾತಾಡಿದ್ದ, ಮಾತು ಉಳಿಸ್ಕೊಂಡ, ಆದ್ರೆ ಅಲಬಾಮಾ ಮ್ಯಾಚಲ್ಲಿ ಅವ ಎಸೆದದ್ದು ಬರೀ 14 ಬಾಲ್. ಓಡಿ ಗೆದ್ದದ್ದು ಅದು.

ಹುಬ್ಳಿ ಇನ್ ಹೂಸ್ಟನ್ · ಅಕ್ಟೋಬರ್ 5

ಅಣ್ಣಯ್ಯಾರ, ಎಲ್ಲಿ ಅದೀರಿ? ಗೇನ್ಸ್‌ವಿಲ್‌ನಾಗ ಏನಾತು ಅಂತ ಕೇಳಾಕ ಬಂದೇನಿ. ಫ್ಲಾರಿಡಾ 29, ಟೆಕ್ಸಾಸ್ 21. ಐದು ಇಂಟರ್ಸೆಪ್ಶನ್ ಹಾಕಿದ್ದ ಅದ ಲ್ಯಾಗ್ವೇ ನಿಮ್ಮ ಮ್ಯಾಲೆ 28ರಾಗ 21, 298 ಯಾರ್ಡ್. ಹೊಸಾ ಹುಡುಗ ಡಲ್ಲಾಸ್ ವಿಲ್ಸನ್ ಎರಡ ಟಚ್‌ಡೌನ್ ಹಿಡದಾನ. ಈಗ ಹೇಳ್ರಿ, ಲ್ಯಾಗ್ವೇನ ಲೈನ್ ಮೂರು ವಾರದಾಗ ಬದಲಿ ಆತೇನು?

ಆಸ್ಟಿನ್ ಅಣ್ಣಯ್ಯ · ಅಕ್ಟೋಬರ್ 5

ಇಲ್ಲೇ ಇದೀನಿ, ಎಲ್ಲಿ ಹೋಗ್ಲಿ. ನಿನ್ನೆ ರಾತ್ರಿ ಯಾರ ಜೊತೇನೂ ಮಾತಾಡ್ಲಿಲ್ಲ ಅಷ್ಟೇ.

ಹುಬ್ಬಳ್ಳಿಯವರೇ, ಲ್ಯಾಗ್ವೇಗೆ ನಿನ್ನೆ ಟೈಮ್ ಸಿಕ್ತು, ನಮ್ಮ ಹುಡುಗನಿಗೆ ಆರು ಸ್ಯಾಕ್. ಆರು ಸಲ ಮಕಾಡೆ, ಅದರ ಜೊತೆ ಬಾಲ್ ಬಿಡೋಷ್ಟರಲ್ಲಿ ಹೊಡೆಸ್ಕೊಂಡಿದ್ದು ಎಷ್ಟೋ. ಅಷ್ಟಾದ್ರೂ 263 ಯಾರ್ಡ್ ಎಸೆದ, ಟೀಮಲ್ಲಿ ಎಲ್ಲರಿಗಿಂತ ಜಾಸ್ತಿ ಓಡಿದವನೂ ಅವನೇ. ಕ್ವಾರ್ಟರ್‌ಬ್ಯಾಕೇ ನಿಮ್ಮ ಅತೀ ಒಳ್ಳೆ ರನ್ನರ್ ಆದ ದಿನ ಆ ಟೀಮ್‌ಗೆ ಏನೋ ಆಗಿದೆ ಅಂತ ಲೆಕ್ಕ. ಎರಡು ಇಂಟರ್ಸೆಪ್ಶನ್ ಹಾಕಿದ, ಹೌದು, ಅದರಲ್ಲಿ ಒಂದು ಅವನದ್ದೇ, ಯಾರನ್ನೂ ದೂರೋಕಾಗಲ್ಲ.

ಆದ್ರೆ ಆಗಸ್ಟಿಗೂ ಈಗಕ್ಕೂ ಒಂದು ವ್ಯತ್ಯಾಸ ಇದೆ. ಓಹಾಯೋದಲ್ಲಿ ಅವನು ಸುಮ್ಸುಮ್ನೆ ಹೆದರ್ತಿದ್ದ. ನಿನ್ನೆ ಹೆದರೋಕೆ ಕಾರಣ ಇತ್ತು, ಆದ್ರೆ ಪೆಟ್ಟು ಬೀಳತ್ತೆ ಅಂತ ಗೊತ್ತಿದ್ದೂ ನಿಂತು ಎಸೆದ. ಸ್ಕೋರ್ ನೋಡಿದ್ರೆ ಆ ದಿನಾನೂ ಸೋತ್ವಿ ಈ ದಿನಾನೂ ಸೋತ್ವಿ, ಹುಡುಗ ಮಾತ್ರ ಬೇರೆ. ಐದನೇ ಮ್ಯಾಚಿಗೂ ಲೈನ್ ಅಲ್ಲೇ ಇದೆ ಅನ್ನೋದು ನನಗೆ ಚಿಂತೆ. ಬೈ ವೀಕ್ (ಮ್ಯಾಚ್ ಇಲ್ಲದ ವಾರ) ಇತ್ತು ಹಿಂದಿನ ವಾರ, ಆ ಎರಡು ವಾರ ಏನು ಮಾಡ್ತಿದ್ರು ಇವರು? ಇದಕ್ಕೆ ನೀವು ಹೇಳಿದ ಹಾಗೆ ಕೋಚ್‌ನೇ ಕೇಳ್ಬೇಕು, ಅದರಲ್ಲಿ ನಿಮ್ಮ ಜೊತೆ ಜಗಳ ಇಲ್ಲ.

ಸ್ಟೇಟ್ ಕಾಲೇಜ್ ಶಿವಮೊಗ್ಗ · ಅಕ್ಟೋಬರ್ 5

ನಿಮ್ಮದಾದ್ರೂ ಫ್ಲಾರಿಡಾ. ನಾವು ಯುಸಿಎಲ್‌ಎ ಹತ್ರ ಸೋತಿದೀವಿ. ಒಂದೂ ಗೆದ್ದಿರದ ಟೀಮು, ಕೋಚ್ ಇಲ್ಲ, ಪ್ಲೇ ಕರೆಯೋನನ್ನೂ ಆ ವಾರದಲ್ಲೇ ಬದಲಾಯಿಸಿದ್ರು, ಟೈಟ್ ಎಂಡ್ ಕೋಚ್ ಆಗಿದ್ದ ಜೆರ್ರಿ ನ್ಯೂಹೈಸಲ್ ನಾಲ್ಕೇ ದಿನದಲ್ಲಿ ಏನು ಕಲಿಸಿದನೋ. 42-37. ಇಲ್ಲಿ ಎಲ್ಲರೂ ಬಯ್ದಿದ್ದ ಆ ನೀಕೋ ಮೂರು ಟಚ್‌ಡೌನ್ ಓಡಿದ, ಎರಡು ಎಸೆದ. ನಮ್ಮ ಡಿಫೆನ್ಸಿಗೆ ಅವನು ಓಡ್ತಾನೆ ಅನ್ನೋದು ಎರಡನೇ ಹಾಫಲ್ಲೂ ಹೊಳೀಲಿಲ್ಲ. ಇದಕ್ಕೆ ಆಲರ್ ಏನು ಮಾಡ್ಬೇಕಿತ್ತು? 37 ಪಾಯಿಂಟ್ ಹಾಕಿದ್ರೂ ಸಾಲದು ಅಂದ್ರೆ? ಆದ್ರೂ ಇವತ್ತು ಬೆಳಗ್ಗೆ ಮಗ ಫೋನ್ ಮಾಡಿದಾಗ ಹೇಳಿದ, ಹಾಸ್ಟೆಲ್ಲಲ್ಲಿ ಎಲ್ಲಾ ಆಲರ್‌ಗೇ ಬೈತಿದಾರಂತೆ. ಆರೆಗಾನ್ ಸೋಲು ಇವರ ತಲೆಯಿಂದ ಇಳಿದೇ ಇರ್ಲಿಲ್ಲ ಅನ್ಸತ್ತೆ, ಪಸಡೀನಾ ಮೈದಾನಕ್ಕೆ ಇಳಿದಾಗಲೇ ಮುಖದಲ್ಲಿ ಕಳೆ ಇರ್ಲಿಲ್ಲ.

ಮಂಡ್ಯ ಮಿಚಿಗನ್ · ಅಕ್ಟೋಬರ್ 5

ಅಕ್ಕೋ, ಫ್ರಾಂಕ್ಲಿನ್‌ಗೆ ಗೇಟ್ ತೋರ್ಸಕ್ಕೋದ್ರೆ ಕಾಲೇಜು ಸುಮಾರು 50 ಮಿಲಿಯನ್ ಡಾಲರ್ ಕಟ್ಬೇಕಂತಲ್ಲ, ಅದ್ಕೆ ಸುಮ್ಕವ್ರೆ. ನಮ್ದು ಪರ್ವಾಗಿಲ್ಲ, ಓಡ್ಕಂಡ್ ಓಡ್ಕಂಡ್ ಗೆಲ್ತಾ ಇದ್ದೀವಿ, ಹೈದನ್ ಕೈಲಿ ಕಮ್ಮಿ ಎಸಿಸ್ತಾವ್ರೆ. ಹುಬ್ಳಿಯೋರು ಯೋಳಿದ್ದೂ ಅದೇಯ.

ಬ್ಲೂಮಿಂಗ್ಟನ್ ಹೊಸಬ · ಅಕ್ಟೋಬರ್ 6

ನಾವಿನ್ನೂ ಸೋತಿಲ್ಲ 🙂 ಅಯೋವಾದಲ್ಲಿ 20-15 ಗೆದ್ವಿ, ಅದು ಸುಲಭ ಇರ್ಲಿಲ್ಲ, ಕೊನೇಲಿ ಮೆಂಡೋಸಾ ಒಂದು ದೊಡ್ಡ ಪಾಸ್ ಹಾಕಿ ಗೆಲ್ಸಿದ. ಈಗ ಶನಿವಾರ ಆರೆಗಾನ್‌ಗೆ ಹೋಗ್ಬೇಕು. ಅಣ್ಣಯ್ಯ ಹೇಳಿದ "ಅಂಥದ್ದೊಂದು ದಿನ" ಇದೇನಾ?

ಆಸ್ಟಿನ್ ಅಣ್ಣಯ್ಯ · ಅಕ್ಟೋಬರ್ 6

ಇದೇ. ಯೂಜೀನ್‌ನಲ್ಲಿ ಗದ್ದಲ ಎಷ್ಟಿರತ್ತೆ ಅಂದ್ರೆ ಸ್ನ್ಯಾಪ್ ಕೌಂಟ್ (ಬಾಲ್ ಯಾವಾಗ ಕೊಡ್ಬೇಕು ಅನ್ನೋ ಕೂಗು) ಬಾಯಲ್ಲಿ ಹೇಳೋಕಾಗಲ್ಲ, ಕಾಲೆತ್ತಿ ಇಲ್ಲಾ ಚಪ್ಪಾಳೆ ತಟ್ಟಿ ತೋರ್ಸ್ಬೇಕು, ಆಗ ಲೈನಿನವರು ಅರ್ಧ ಕ್ಷಣ ಲೇಟಾಗಿ ಏಳ್ತಾರೆ, ಆ ಅರ್ಧ ಕ್ಷಣ ಸಾಕು ಎದುರಿನವನಿಗೆ. ಮೂರನೇ ಡೌನಿಗೆ ಉದ್ದ ಬೇಕಾದಾಗ ಮೆಂಡೋಸಾ ಏನು ಮಾಡ್ತಾನೆ ಅದೊಂದು ನೋಡು. ನಾನು ಬೆಟ್ ಕಟ್ಟೋ ಹಾಗಿದ್ರೆ ಆರೆಗಾನ್ ಮೇಲೇ ಕಟ್ತೀನಿ, ಆದ್ರೆ ಹತ್ತು ಪಾಯಿಂಟ್ ಅಂತರ ಇರಲ್ಲ.

ನಮ್ಮದು ಡಲ್ಲಾಸಲ್ಲಿ ಒಕ್ಲಹೋಮಾ ಜೊತೆ, ಕಾಟನ್ ಬೌಲ್ ಸ್ಟೇಡಿಯಂ. ಮಟೀರ್ ಕೈಗೆ ಆಪರೇಶನ್ ಆಗಿದೆ, ಆಬರ್ನ್ ಮ್ಯಾಚಲ್ಲಿ ಆದ ಪೆಟ್ಟು, ಈ ಶನಿವಾರ ಕೆಂಟ್ ಸ್ಟೇಟ್ ಮೇಲೆ ಮೈಕಲ್ ಹಾಕಿನ್ಸ್ ಆಡಿದ. ಹಾಕಿನ್ಸ್ ಬಂದ್ರೆ ನಾನು ನಿದ್ದೆ ಮಾಡ್ತೀನಿ, ಕಳೆದ ವರ್ಷ ಇದೇ ಮೈದಾನದಲ್ಲಿ ಅವನಿದ್ದಾಗ 34-3 ಗೆದ್ದಿದ್ವಿ. ಎಸೆಯೋ ಕೈ ಹೊಲಿಗೆ ಬಿಚ್ಚೋ ಮುಂಚೆ ಮಟೀರ್‌ನ ಇಳಿಸಿದ್ರೂ ಅವನ ಕೈಗಿಂತ ನಮ್ಮ ಲೈನ್ ಬಗ್ಗೆನೇ ನನಗೆ ಭಯ, ಅವರ ಡಿಫೆನ್ಸ್ ಫ್ಲಾರಿಡಾಗಿಂತ ಜೋರಿದೆ. ಸಾರ್ಕೀಸಿಯನ್‌ಗೆ ಬುದ್ಧಿ ಇದ್ರೆ ಆರ್ಚ್ ಕೈಲಿ 25 ಬಾಲ್‌ಗಿಂತ ಜಾಸ್ತಿ ಎಸೆಸಬಾರ್ದು, ಡಿಫೆನ್ಸ್ ಮೇಲೆ ಬಿಟ್ಟು 20-13 ಥರ ಗೆದ್ದು ಬರ್ಬೇಕು.

ಹುಬ್ಳಿ ಇನ್ ಹೂಸ್ಟನ್ · ಅಕ್ಟೋಬರ್ 6

ಅಂದ್ರ ಓಹಾಯೋದವ್ರು ಸೇಯಿನ್ ಕಡೆ ಆಡ್ಸಿದ್ರಲ್ಲ ಹಂಗ. ಮೂರ ವಾರಾತು ಇದನ್ನ ಹೇಳಾಕ ಹತ್ತೇನಿ ಯಪ್ಪಾ. ನಾನೂ ಡಲ್ಲಾಸಿಗೆ ಬರಾಕತ್ತೇನಿ, ಸ್ಟೇಟ್ ಫೇರ್ ಗೇಟಿನಾಗ ಭೆಟ್ಟಿ ಆಗೂಣು, ಟಿಕೆಟ್ ಒಕ್ಲಹೋಮಾ ಕಡೆ ಸಿಕ್ಕಾವ, ಬಣ್ಣ ಮಾತ್ರ ಕೇಳಬ್ಯಾಡ್ರಿ.

ಬ್ಲೂಮಿಂಗ್ಟನ್ ಹೊಸಬ · ಅಕ್ಟೋಬರ್ 6

ಅಯ್ಯೋ ಎರಡೂ ಮ್ಯಾಚ್ ಒಂದೇ ಟೈಮಿಗಿದೆ, ಈಸ್ಟರ್ನ್ ಮೂರೂವರೆಗೆ. ಸೋಮವಾರ ಮಿಡ್‌ಟರ್ಮ್ ಬೇರೆ. ಲ್ಯಾಪ್‌ಟಾಪಲ್ಲಿ ಒಂದು ಟಿವೀಲಿ ಒಂದು ಹಾಕ್ತೀನಿ, ಓದೋದು ಭಾನುವಾರ.